ಗಳ ನೆಟ್ಟ ದಾರಿ

ನೀರಿಲ್ಲದ ವರ್ಷಗಳಲ್ಲಿ ನಮ್ಮೂರ ಕೆರೆಯನ್ನು ಜೆಸಿಬಿಗಳು ಬಗೆದು ತಿಂದವು. ಮೊದಲು ಹೊಲಕ್ಕೆ ಎಂದು ತಳದ ಮೆತ್ತನೆಯ ಗೋಡು ಮಣ್ಣು ತೆಗೆದರು. ಆಮೇಲೆ ಇಟ್ಟಿಗೆ ಗೂಡಿಗೆ. ಆಮೇಲೆ ಯಾರದೋ ಲೇಔಟಿಗೆ. ಕೇಳುವವರು ಇರಲಿಲ್ಲ. ಕೇಳಲು ಹೋದ ನಾನು ಎರಡು ಸಲ ಟಿಪ್ಪರಿನವರ ಕಾಲರ್ ಹಿಡಿದೆ, ಎರಡು ಸಲವೂ ಊರಿನವರೇ ನನ್ನನ್ನು ಎಳೆದುಕೊಂಡು ಬಂದರು. ಟಿಪ್ಪರ್ ಓಡಾಡಲು ನಡುವೆ ಒಂದು ದಾರಿ ಬಿಟ್ಟು, ಅದರ ಎರಡೂ ಕಡೆ ಆಳುದ್ದಕ್ಕಿಂತ ಹೆಚ್ಚು ಆಳಕ್ಕೆ ತೋಡಿಬಿಟ್ಟರು. ಆಮೇಲೆ ಕೆರೆಗೆ ನೀರು ಬಂತು. ದಾರಿಯೂ ಮುಳುಗಿತು, ಗುಂಡಿಗಳೂ ಮುಳುಗಿದವು. ಮೇಲಿನಿಂದ ನೋಡಿದರೆ ಎಲ್ಲ ಒಂದೇ ನೀರು.

ಆ ದಾರಿ ನಮ್ಮ ಮನೆಯ ಹಿಂದಿನ ದಡದಿಂದ ಹೊರಟು ಕೆರೆಯ ನಡುವಿನ ದಿಬ್ಬಕ್ಕೆ ಹೋಗುತ್ತದೆ. ದಿಬ್ಬದ ಮೇಲೆ ಒಂದು ಮುರುಕು ಕಲ್ಲುಮಂಟಪ, ಕೆಲವು ಹುಣಸೆ ಮರ, ಮರದ ತುಂಬ ಕೊಕ್ಕರೆ. ಬೇಸಿಗೆಯ ಕೊನೆಗೆ ಕೆರೆಯ ನೀರು ಇಳಿದಾಗ ದಾರಿಯ ಮೇಲೆ ಮಂಡಿಯಷ್ಟು ನೀರೂ ಇರುವುದಿಲ್ಲ. ಬೆಂಗಳೂರಿನಿಂದ ಬರುವವರಿಗೆ ಆ ನೀರಿನಲ್ಲಿ ನಡೆದು ದಿಬ್ಬಕ್ಕೆ ಹೋಗುವುದೇ ದೊಡ್ಡ ಖುಷಿ. ಮನೆಯ ಪಕ್ಕದ ರೇಷ್ಮೆ ಶೆಡ್ಡಿನ ಅರ್ಧವನ್ನು ಎರಡು ಕೋಣೆ ಮಾಡಿ, ನಾನೂ ನನ್ನ ಹೆಂಡತಿ ಕವಿತಳೂ ಹೋಂಸ್ಟೇ ನಡೆಸುತ್ತೇವೆ. ಬಂದವರಿಗೆ ಹಿಪ್ಪುನೇರಳೆ ಹಣ್ಣು ಕೀಳಿಸುತ್ತೇವೆ, ಹುಳು ಎಲೆ ತಿನ್ನುವ ಸದ್ದು ಕೇಳಿಸುತ್ತೇವೆ, ಮಾವಿನ ತೋಪಿನಲ್ಲಿ ಮುದ್ದೆ ಊಟ ಹಾಕುತ್ತೇವೆ. ಆದರೆ ಅವರು ವಾಪಸ್ ಹೋಗಿ ನಾಲ್ಕು ಜನಕ್ಕೆ ಹೇಳುವುದು ದಿಬ್ಬದ ನಡಿಗೆಯನ್ನೇ.

ಅದಕ್ಕಾಗಿಯೇ ದಾರಿಯ ಎಡ ಅಂಚಿಗೆ ಉದ್ದಕ್ಕೂ ನೀಲಗಿರಿ ಗಳಗಳನ್ನು ನೆಟ್ಟಿದ್ದೆ. ಕೆರೆ ಒಣಗಿದ್ದ ಕಾಲದಲ್ಲಿ, ಹಾರೆ ಹಿಡಿದು. ಟಿಪ್ಪರ್ ಓಡಾಡಿ ಸಿಮೆಂಟಿನ ಹಾಗಾಗಿದ್ದ ಗರಸು ನೆಲ ಅದು. ಒಂದೊಂದು ಗುಂಡಿ ತೋಡುವಷ್ಟರಲ್ಲಿ ಅಂಗೈ ಕಿತ್ತು ಬಂದಿತ್ತು. ಪ್ರತಿ ಗಳದ ತುದಿಗೂ ಕವಿತಳ ಹಳೇ ಕೆಂಪು ಸೀರೆ ಹರಿದು ಕಟ್ಟಿದ್ದೆ. ನಿಯಮ ಒಂದೇ. ಹೋಗುವಾಗ ಎಡಗೈ ಗಳಕ್ಕೆ ತಾಗುತ್ತಿರಬೇಕು, ಬರುವಾಗ ಬಲಗೈ. ಗಳ ಬಿಟ್ಟು ಯಾರೂ ಹೆಜ್ಜೆ ಇಡಬಾರದು. ನನ್ನ ಮಗಳು ಶಿರೀಷಾ ಕಾಲೇಜಿಗೆ ರಜ ಇದ್ದಾಗ ಬಂದವರನ್ನು ಕರೆದುಕೊಂಡು ಹೋಗುತ್ತಾಳೆ. ಅವಳಿಗೆ ಈ ನಿಯಮವನ್ನು ಬೈದು ಬೈದು ಕಲಿಸಿದ್ದೆ.

ಮೇ ತಿಂಗಳ ಕೊನೆಯ ಭಾನುವಾರ ಮುನೇಶ ತನ್ನ ಜೀಪಿನಲ್ಲಿ ಒಂದು ಮನೆಯವರನ್ನು ಕರೆತಂದ. ಮುನೇಶ ಬಿ.ಎಡ್. ಓದಿದವನು. ಕೆಲಸ ಸಿಗುವವರೆಗೆ ಎಂದು ಪ್ರವಾಸಿಗರನ್ನು ಸುತ್ತಾಡಿಸಲು ಶುರು ಮಾಡಿ, ಈಗ ಅದನ್ನೇ ಕೆಲಸ ಮಾಡಿಕೊಂಡಿದ್ದಾನೆ. ನಸುಕಿನಲ್ಲಿ ಕಳವಾರದ ಕಡೆಯಿಂದ ಬೆಟ್ಟ ಹತ್ತಿಸಿ, ಮಧ್ಯಾಹ್ನಕ್ಕೆ ನಮ್ಮಲ್ಲಿಗೆ ತಂದು ಬಿಡುತ್ತಾನೆ.

“ಮೋಹನಣ್ಣ, ಇವತ್ತಾದ್ರೂ ಸ್ವಲ್ಪ ನಗ್ತಾ ಇರಣ್ಣ. ಹೋದ ಸಲ ಬಂದೋರು ನಿನ್ನ ಮುಖ ನೋಡಿ ಎರಡನೇ ಮುದ್ದೆ ಕೇಳಕ್ಕೇ ಹೆದರಿದ್ರು,” ಅಂದ.

“ಅವರು ನನ್ನ ಮುಖ ನೋಡಕ್ಕೆ ಬರ್ತಾರಾ, ಕೆರೆ ನೋಡಕ್ಕೆ ಬರ್ತಾರಾ?”

“ಕೆರೆಗೇನೇ ದುಡ್ಡು. ಮುಖ ಫ್ರೀ.”

ಬಂದವರು ನಾಲ್ಕು ಜನ. ಶ್ರೀವಿದ್ಯಾ ಎಂಬ ಹೆಂಗಸು, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡಿದ್ದ ಅವರ ಗಂಡ, ಇನ್ನೂ ಶಾಲೆಗೆ ಸೇರಬೇಕಾಗಿದ್ದ ಅವರ ಪುಟ್ಟ ಮಗಳು, ಮತ್ತೆ ಅತ್ತೆ ಅನಸೂಯಮ್ಮ. ಅನಸೂಯಮ್ಮ ಜೀಪಿನಿಂದ ಇಳಿಯುತ್ತಲೇ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಅಮ್ಮಾ, ನೀವು ಇಲ್ಲೇ ಇರಿ, ನೀರಲ್ಲಿ ಜಾರುತ್ತೆ,” ಅಂದ ಮಗ.

“ಬೆಟ್ಟ ಹತ್ತಕ್ಕಾಗಲ್ಲ ಅಂತ ಜೀಪಲ್ಲಿ ಕೂರಿಸಿದ್ರಿ. ಇಲ್ಲೂ ಕೂರಿಸಿದ್ರೆ ಬಸ್ ಹತ್ತಿ ವಾಪಸ್ ಹೋಗ್ತೀನಿ ಅಷ್ಟೇ. ನಾನು ಮಂಚೇನಹಳ್ಳಿ ಹೆಣ್ಣುಮಗಳು ಕಣೋ, ಲಂಗದಲ್ಲಿ ಮೀನು ಹಿಡಿದೋಳು. ನೀನು ಈಜು ಕಲ್ತಿದ್ದು ದುಡ್ಡು ಕೊಟ್ಟು.”

ಮುನೇಶ ನಕ್ಕ. ನಾನೂ ನಕ್ಕಿರಬೇಕು.

ಸಾಮಾನ್ಯವಾಗಿ ವಯಸ್ಸಾದವರು ಇದ್ದರೆ ತೆಪ್ಪದಲ್ಲಿ ಕಳಿಸುತ್ತೇವೆ. ಆ ತೆಪ್ಪ ಕೆರೆಯ ಮೀನು ಹಿಡಿಯುವವರದು, ಕೇಳಿದರೆ ಕೊಡುತ್ತಾರೆ. ಹಿಂದಿನ ಸಂಜೆ ಅದನ್ನು ಪಕ್ಕದೂರಿನ ಕೆರೆಗೆ ಹೊತ್ತುಕೊಂಡು ಹೋಗಿದ್ದರು.

ಊಟ ಮುಗಿಯಿತು. ಮೊಬೈಲುಗಳನ್ನೆಲ್ಲ ಬುಟ್ಟಿಗೆ ಹಾಕಿಸಿದೆ. ಅದೂ ನನ್ನದೇ ನಿಯಮ. ಒಬ್ಬ ನೀರಿಗೆ ಬೀಳಿಸಿಕೊಂಡು, ಅದನ್ನು ಹುಡುಕಲು ಬಗ್ಗಿ, ಇನ್ನೊಬ್ಬ ಅವನನ್ನು ಹಿಡಿಯಲು ಹೋಗಿ, ಇಂಥ ರಾಮಾಯಣ ನಾನು ನೋಡಿದ್ದೇನೆ. ಶಿರೀಷಾ ತನ್ನದನ್ನೂ ಹಾಕಿದಳು. ಕ್ಯಾಮೆರಾವನ್ನು ಮಾತ್ರ ಆ ಮನುಷ್ಯ ಬಿಡಲಿಲ್ಲ.

“ಅಪ್ಪ, ಹೊರಡ್ಲಾ?”

“ಆಕಾಶ ನೋಡ್ಕೊಂಡಿರು. ಮೋಡ ಎದ್ದ ತಕ್ಷಣ ವಾಪಸ್. ಅವರು ಫೋಟೋ ಅಂದ್ರು, ಇವರು ಹಕ್ಕಿ ಅಂದ್ರು ಅಂತ ನಿಂತ್ಕೊಂಡೆ ಅಂದ್ರೆ ಕಾಲು ಮುರೀತೀನಿ.”

“ಗೊತ್ತಪ್ಪ.”

“ಏನ್ ಗೊತ್ತು?”

“ಹೋಗ್ತಾ ಎಡಗೈ, ಬರ್ತಾ ಬಲಗೈ. ಗಳ ಬಿಟ್ಟರೆ ಕಾಲು ಮುರಿಯೋದು ಗ್ಯಾರಂಟಿ,” ಎಂದು ಹುಬ್ಬು ಹಾರಿಸಿ, ಪಾಪುವನ್ನು ಹೆಗಲ ಮೇಲೆ ಕೂರಿಸಿಕೊಂಡು ನೀರಿಗಿಳಿದಳು.

ನೀರು ತಿಳಿಯಾಗಿತ್ತು. ತಳದ ಬಿಳಿ ಗರಸು ದಡದಿಂದಲೇ ಕಾಣುತ್ತಿತ್ತು. ಅನಸೂಯಮ್ಮ ಸೊಸೆಯ ಮೇಲೆ ನೀರು ಎರಚುತ್ತ ದಾರಿಯ ನಟ್ಟನಡುವೆ ನಡೆದರು. ಅವರ ಮಗ ಹಿಮ್ಮುಖವಾಗಿ ನಡೆಯುತ್ತ ಫೋಟೋ ತೆಗೆಯುತ್ತಿದ್ದ. ಶಿರೀಷಾ ಗಳದ ಕಡೆ ಕರೆದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಅವಳೂ ಅವರ ಜೊತೆ ನಡುವೆಯೇ ನಡೆದಳು. ನನಗೆ ರೇಗಿತು. ದಡದಿಂದಲೇ ಕೂಗಿದೆ, “ಗಳ ಇರೋದು ಶೋಕಿಗಾ?” ಅವಳು ತಿರುಗಿ ಕೈ ಬೀಸಿದಳು. ಒಂದೆರಡು ಗಳ ಸ್ವಲ್ಪ ವಾಲಿರುವುದು ಆಗ ನನ್ನ ಕಣ್ಣಿಗೆ ಬಿತ್ತು. ಹಿಂದಿನ ವಾರದ ಬಿರುಗಾಳಿಗೆ ಇರಬೇಕು ಎಂದುಕೊಂಡೆ. ಆ ಗಾಳಿ ಬೀಸಿದಾಗ ನಾನು ಊರಿನಲ್ಲಿರಲಿಲ್ಲ. ಚಿಂತಾಮಣಿಯ ಹತ್ತಿರ ಕವಿತಳ ತವರಿನಲ್ಲಿ ಮದುವೆ ಚಪ್ಪರದ ಕೆಲಸಕ್ಕೆ ಹೋಗಿದ್ದೆ.

ಅವರು ದಿಬ್ಬ ಮುಟ್ಟಿದರು. ಮುನೇಶ ಜೀಪಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ. ನಾನು ಶೆಡ್ಡಿನ ಹಾರಿದ ಶೀಟಿಗೆ ಮೊಳೆ ಹೊಡೆಯುತ್ತಿದ್ದೆ. ಗಾಳಿ ಸತ್ತುಹೋಗಿತ್ತು. ಬೆನ್ನಿನ ಮೇಲೆ ಯಾರೋ ಕಂಬಳಿ ಹೊದಿಸಿದ ಹಾಗೆ ಸೆಕೆ. ತಲೆಯೆತ್ತಿ ನೋಡಿದರೆ ನಂದಿಬೆಟ್ಟದ ಕಡೆ ಆಕಾಶ ಜಜ್ಜಿದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ದೂರದಲ್ಲಿ ಆಗಲೇ ಮಳೆ ಇಳಿಯುತ್ತಿತ್ತು.

ಜಂಗಮಕೋಟೆಯಲ್ಲಿ ನೆಂಟರ ಮಗುವಿನ ನಾಮಕರಣಕ್ಕೆ ಹೋಗಿದ್ದ ಕವಿತಳೂ ನನ್ನ ತಾಯಿ ಓಬಳಮ್ಮನೂ ಆಟೋದಿಂದ ಇಳಿದು ಬಂದದ್ದು ಆಗಲೇ.

“ಬಂದೋರು ಎಲ್ರೀ?” ಅಂದಳು ಕವಿತ.

“ದಿಬ್ಬಕ್ಕೆ ಹೋಗವ್ರೆ. ಶಿರೀಷಾ ಕರ್ಕೊಂಡು ಹೋಗಿದಾಳೆ.”

“ತೆಪ್ಪ ತಗೊಂಡು ಹೋದ್ರಲ್ಲ ಮೀನಿನೋರು?”

“ನಡ್ಕೊಂಡು ಹೋದ್ರು. ದೇವರು ಕಾಲು ಕೊಟ್ಟಿಲ್ವಾ?”

ಅವಳು ಕೈಚೀಲವನ್ನು ಜಗುಲಿಯ ಮೇಲೆ ಇಡಲು ಹೋದಳು. ಚೀಲ ಜಗುಲಿಗೆ ತಾಗದೆ ಕೆಳಗೆ ಬಿತ್ತು. ತಾಂಬೂಲದ ಬಾಳೆಹಣ್ಣು, ತೆಂಗಿನಕಾಯಿ ಅಂಗಳದ ತುಂಬ ಉರುಳಿದವು. ಅವಳು ಬಗ್ಗಲಿಲ್ಲ. ನಮ್ಮಮ್ಮ ಗೋಡೆ ಹಿಡಿದುಕೊಂಡು ಹಾಗೇ ಕುಸಿದು ಕುಳಿತಳು.

“ಏನು?” ಅಂದೆ.

“ಏನೂ ಇಲ್ಲ. ಅವರನ್ನ ಕರೀರಿ.”

“ಮೋಡ ಕಂಡ್ರೆ ಅವಳೇ ಬರ್ತಾಳೆ. ಹೇಳಿ ಕಳಿಸಿದೀನಿ.”

“ಬರೋದು ಬೇಡ ಅನ್ನಿ. ಅಲ್ಲೇ ಇರ್ಲಿ. ಮಂಟಪದಲ್ಲೇ ಇರ್ಲಿ.”

“ಕರಿ ಅಂತೀಯ, ಬರಬೇಡಿ ಅಂತೀಯ. ತಲೆ ಕೆಟ್ಟಿದೆಯಾ ನಿಂಗೆ?”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆರೆಯ ಕಡೆ ನೋಡಿದಳು. ಮೂರು ಮನೆ ಆಚೆಗೆ ಕೇಳುವಂತೆ ಮಾತನಾಡುವ ಹೆಂಗಸು ಅವಳು.

“ಚೆಪ್ಪಮ್ಮಾ, ಹೇಳ್ಬಿಡು,” ಅಂದಳು ನಮ್ಮಮ್ಮ, ಅರ್ಧ ತೆಲುಗಿನಲ್ಲಿ, ನೆಲ ನೋಡುತ್ತ. “ಇನ್ಯಾವಾಗ ಹೇಳ್ತೀಯ?”

“ಕೂಗಾಡಲ್ಲ ಅನ್ನಿ ಮೊದ್ಲು,” ಅಂದಳು ಕವಿತ.

“ಹೇಳೇ!” ಅಂದೆ. ಆ ಕೂಗಿಗೆ ಮುನೇಶ ಜೀಪಿನಲ್ಲಿ ಎದ್ದು ಕುಳಿತ.

ಅವಳು ಹೇಳಿದಳು. ಬಿರುಗಾಳಿಯ ದಿನ ನಮ್ಮಣ್ಣ ಚನ್ನಕೇಶವನ ಟೊಮೇಟೊ ತೋಟ ಮಲಗಿಬಿಟ್ಟಿತ್ತು. ಕಾಯಿ ತುಂಬಿದ ಗಿಡಗಳು, ಅವತ್ತೇ ಕೋಲು ಕಟ್ಟಿ ಎತ್ತದಿದ್ದರೆ ನೆಲಕ್ಕೆ ತಾಗಿ ಕೊಳೆಯುತ್ತವೆ. ದಾರಿಯ ಮೇಲಿನ ನೀರು ಆಗ ಪೂರ್ತಿ ಸರಿದು, ಗಳಗಳು ಒಣ ನೆಲದ ಮೇಲೆ ಸುಮ್ಮನೆ ನಿಂತಿದ್ದವು. ಅಣ್ಣ ಆಳುಗಳಿಂದ ಅವನ್ನೆಲ್ಲ ಕೀಳಿಸಿ ತೋಟಕ್ಕೆ ಹೊರಿಸಿದ. ಎರಡು ದಿನದಲ್ಲಿ ಬೇರೆ ಕೋಲು ತರಿಸಿ, ಇವನ್ನು ವಾಪಸ್ ನೆಡಿಸೋಣ ಎಂದುಕೊಂಡಿದ್ದನಂತೆ. ಅದೇ ರಾತ್ರಿ ಮಳೆ ಹೊಡೆದು ಕೆರೆಗೆ ಹೊಸ ನೀರು ಬಂತು. ಬೆಳಿಗ್ಗೆ ನಾನು ಚಿಂತಾಮಣಿಯಿಂದ ಹೊರಟಿದ್ದೇನೆ ಎಂದು ಫೋನ್ ಮಾಡಿದೆ.

ಹಿಂದಿನ ವರ್ಷ ಬೋರಿನ ಮೋಟರ್ ವಿಷಯಕ್ಕೆ ನಾನೂ ಅಣ್ಣನೂ ಕುಡುಗೋಲು ಹಿಡಿಯುವ ಮಟ್ಟಕ್ಕೆ ಹೋಗಿದ್ದೆವು. ಆಮೇಲೆ ಎಷ್ಟೋ ತಿಂಗಳು ಮಾತಿರಲಿಲ್ಲ. ಯುಗಾದಿಗೆ ನಮ್ಮಮ್ಮ ಅತ್ತು ಕರೆದು ಒಂದೇ ಎಲೆ ಸಾಲಿನಲ್ಲಿ ಕೂರಿಸಿದ್ದಳು.

“ನೀವು ಬಂದು ನೋಡಿದ್ರೆ ಮತ್ತೆ ಹೊಡೆದಾಟ ಆಗುತ್ತೆ ಅಂತ ಅತ್ತೆ ಅಂದ್ರು. ನಾನೂ ಅತ್ತೇನೂ ತೋಟದಿಂದ ಗಳ ತಂದು, ನೀವು ಬರೋದ್ರೊಳಗೆ ನೆಟ್ಟುಬಿಟ್ವಿ. ಬಟ್ಟೆ ಬಿಚ್ಚೋಗಿತ್ತು, ಅದೂ ಕಟ್ಟಿದ್ವಿ.”

“ಎಲ್ಲಿ ನೆಟ್ರಿ?”

“ಇದ್ದ ಕಡೇನೇ ಅಂದ್ಕೊಂಡ್ವಿ. ಹಳೇ ತೂತು ನೀರಲ್ಲಿ ಕಾಣಿಸ್ಲಿಲ್ಲ. ದಾರಿ ಮೇಲೆ ನಿಂತ್ಕೊಂಡು, ಅಂಚಿಗೆ ಕೈ ಚಾಚಿ ನೆಟ್ವಿ.”

“ಹಾರೆ ಯಾರು ಹಾಕಿದ್ರು?”

“ಹಾರೆ ಇರ್ಲಿಲ್ಲ. ದಾರಿ ಮೇಲೆ ಚುಚ್ಚಿದ್ರೆ ಇಳೀಲೇ ಇಲ್ಲ. ಇನ್ನೊಂಚೂರು ಆಚೆ ಇಟ್ಟು ಒತ್ತಿದ್ರೆ ಸಲೀಸಾಗಿ ಇಳೀತು. ಮೆತ್ತಗಿತ್ತು.”

ಮೆತ್ತಗಿತ್ತು.

ಆ ದಾರಿಯಲ್ಲಿ ಮೆತ್ತಗಿನ ಜಾಗ ಎಲ್ಲಿಯೂ ಇಲ್ಲ. ಗಳವನ್ನು ಕೈಯಲ್ಲಿ ಒತ್ತಿದರೆ ಇಳಿಯುವುದು ಗುಂಡಿಯ ಗೋಡೆ ಕುಸಿದು ಜಾರಿರುವ ಗೋಡಿನಲ್ಲಿ ಮಾತ್ರ. ಈಗ ಗಳಕ್ಕೆ ಕೈ ತಾಗಬೇಕಾದರೆ ಕಾಲು ಗುಂಡಿಯ ಬಾಯಲ್ಲಿರಬೇಕು. ಹೋಗುವಾಗ ಅವರು ಬದುಕಿದ್ದು ನನ್ನ ನಿಯಮ ಮುರಿದಿದ್ದಕ್ಕೆ. ಬರುವಾಗ ಮಳೆ ಇರುತ್ತದೆ, ನೀರು ಕೆಂಪಾಗಿರುತ್ತದೆ, ತಳ ಕಾಣುವುದಿಲ್ಲ. ಆಗ ಶಿರೀಷಾ ನಿಯಮ ಮುರಿಯುವುದಿಲ್ಲ. ಬಲಗೈ ಚಾಚುತ್ತಾಳೆ.

ಕವಿತಳನ್ನು ಹೊಡೆಯಲು ಕೈ ಎತ್ತಿದೆನೋ ಇಲ್ಲವೋ ಗೊತ್ತಿಲ್ಲ. ಮುನೇಶ ನನ್ನ ತೋಳು ಹಿಡಿದಿದ್ದ.

“ಆಮೇಲೆ ಹೊಡಿ. ನಡಿ ಈಗ.”

ಅವನು ಜೀಪಿನಿಂದ ಬೆಟ್ಟಕ್ಕೆ ಒಯ್ಯುವ ಹಗ್ಗ ಎಳೆದುಕೊಂಡ. ನಾನು ಹಿತ್ತಲಿನಲ್ಲಿದ್ದ ಬಿದಿರು ಕೋಲು ಹಿರಿದುಕೊಂಡೆ. ದಡ ಮುಟ್ಟುವಷ್ಟರಲ್ಲಿ ಗಾಳಿ ಎದ್ದಿತು. ಎದುರಿನಿಂದ ಬಂದು ಮುಖಕ್ಕೆ ಮಣ್ಣು ತೂರಿತು, ಅದರ ಹಿಂದೆಯೇ ದಪ್ಪ ಹನಿ ಬಿತ್ತು. ಮೇಲಿನ ಕಾಲುವೆಯಿಂದ ಕೆಂಪು ನೀರು ನೊರೆ ಹೊತ್ತುಕೊಂಡು ಬಂದು, ಕಣ್ಣೆದುರೇ ತಿಳಿನೀರಿನೊಳಗೆ ಹರಡಿತು. ಬಿಳಿ ಗರಸು ಮೊದಲು ಮಸುಕಾಯಿತು, ಆಮೇಲೆ ಮಾಯವಾಯಿತು. ಕೆರೆಯಲ್ಲಿ ಕಾಣುತ್ತಿದ್ದದ್ದು ಆ ಗಳಗಳ ಸಾಲು ಒಂದೇ. ಕೆಂಪು ಬಟ್ಟೆಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದವು.

ದಿಬ್ಬದಿಂದ ಅವರು ಆಗಲೇ ಇಳಿದಿದ್ದರು.

ಕೈ ಕೈ ಹಿಡಿದುಕೊಂಡು ಸಾಲಾಗಿ ಬರುತ್ತಿದ್ದರು. ಮುಂದೆ ಶಿರೀಷಾ, ಎಡ ಹೆಗಲ ಮೇಲೆ ಪಾಪು. ಅವಳ ದುಪಟ್ಟಾದ ತುದಿ ಹಿಡಿದು ಶ್ರೀವಿದ್ಯಾ, ಆಮೇಲೆ ಅನಸೂಯಮ್ಮ, ಕೊನೆಯಲ್ಲಿ ಆ ಮನುಷ್ಯ, ಕ್ಯಾಮೆರಾವನ್ನು ಒಂದು ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು. ದಿಬ್ಬದ ಹತ್ತಿರ ಹೆಚ್ಚು ತೋಡಿಲ್ಲ, ಅಲ್ಲಿ ಗುಂಡಿಗೆ ಆಳವಿಲ್ಲ. ಆಳದ ಗುಂಡಿ ಶುರುವಾಗುವುದು ನಡುದಾರಿಯಲ್ಲಿ. ಶಿರೀಷಾಳ ಬಲಗೈ ಮೊದಲ ಗಳವನ್ನು ಮುಟ್ಟಿ ಬಿಟ್ಟಿತು. ಎರಡನೆಯದನ್ನು ಮುಟ್ಟಿತು.

“ಗಳ ಬಿಡೇ! ಗಳ ಮುಟ್ಟಬೇಡ! ಶಿರೀಷಾ!”

ಎದುರುಗಾಳಿ. ನನ್ನ ದನಿ ನನ್ನ ಬಾಯಿಗೇ ವಾಪಸ್ ಬಂತು. ನೀರಿಗಿಳಿದು, ಅಂಗಾಲಿನಲ್ಲಿ ಗರಸು ಹುಡುಕುತ್ತ, ಕೋಲು ಎತ್ತಿ ಬೀಸಿದೆ. ಅವಳು ತಲೆಯೆತ್ತಿದಳು. ನೋಡಿದಳು. ನೋಡಿದ ಮೇಲೆ ಇನ್ನೂ ಬೇಗ ಬೇಗ ಹೆಜ್ಜೆ ಹಾಕತೊಡಗಿದಳು. ಆಚೆ ಸರಿ ಎಂದು ನಾನು ಕೋಲನ್ನು ಪಕ್ಕಕ್ಕೆ ಬೀಸಿದರೆ, ಅವಳು ಇನ್ನೂ ಗಳದ ಕಡೆಗೇ ಒತ್ತಿಕೊಂಡಳು.

“ನಿಲ್ಲೇ! ನಿಲ್ಲೇ ಅಂದ್ರೆ!”

ಅವಳು ಓಡಲೇ ಶುರು ಮಾಡಿದಳು. ಹಿಂದಿನವರು ಮುಗ್ಗರಿಸುತ್ತ ಎಳೆದುಕೊಂಡು ಬಂದರು. ಪಾಪು ಅವಳ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದಿತ್ತು.

ಹಿಂದಿನಿಂದ ಕವಿತ ನನ್ನ ಅಂಗಿ ಹಿಡಿದು ಎಳೆದಳು. ಸೊಂಟದವರೆಗೆ ನೆನೆದು ನನ್ನ ಹಿಂದೆಯೇ ನೀರಿಗಿಳಿದಿದ್ದಳು.

“ಕೂಗಬೇಡ್ರೀ! ಕೈ ಮುಗೀತೀನಿ, ಕೂಗಬೇಡಿ! ತಡ ಆಯ್ತು ಅಂತ ಬೈತಿದೀರ ಅಂದ್ಕೊಂಡವ್ಳೆ. ನೀವು ಕೂಗಿದಷ್ಟೂ ಓಡಿ ಬರ್ತಾಳೆ.”

ನಾನು ಬಾಯಿ ಮುಚ್ಚಿದೆ. ಕೋಲು ಕೆಳಗಿಳಿಸಿದೆ. ಇನ್ನೇನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ಹುಟ್ಟಿದಾಗಿನಿಂದ ನಾನು ಅವಳೊಂದಿಗೆ ಬೇರೆ ಯಾವ ರೀತಿಯಲ್ಲಿ ಮಾತಾಡಿದ್ದೇನೆ ಎಂದು ಹುಡುಕಿದೆ. ಸಿಗಲಿಲ್ಲ. ಆ ಕೆಂಪು ನೀರಿನಲ್ಲಿ, ದಾರಿಯ ನಡುವೆ, ಹಾಗೇ ಕುಳಿತುಬಿಟ್ಟೆ. ನೀರು ಎದೆಗೆ ಬಂತು.

ಅಪ್ಪ ಕುಳಿತದ್ದನ್ನು ನೋಡಿ ಅವಳು ಗಕ್ಕನೆ ನಿಂತಳು.

ಅವಳ ಬಲಗೈ ಒಂದು ಗಳದ ಕಡೆಗೆ ಅರ್ಧ ಚಾಚಿತ್ತು. ನೀರು ಅವಳ ತೊಡೆಯವರೆಗೆ. ಅಲ್ಲಿಂದ ಮುಂದಿನ ಗಳವೇ ವಾಲಿದ್ದ ಗಳ. ನಾನು ಅಂಗೈ ಎತ್ತಿ ತೋರಿಸಿದೆ, ಇರು ಎಂದು. ಆಮೇಲೆ ನನ್ನ ಮುಂದಿನ ನೀರನ್ನು ಮೆಲ್ಲಗೆ ತಟ್ಟಿದೆ. ನಡೆಯಲು ಕಲಿಯುವ ಮಗುವನ್ನು ಇಲ್ಲಿ ಬಾ, ಇಲ್ಲಿ, ಎಂದು ನೆಲ ತಟ್ಟಿ ಕರೆಯುತ್ತಾರಲ್ಲ, ಹಾಗೆ. ತಟ್ಟಿದೆ, ನಿಲ್ಲಿಸಿದೆ, ಮತ್ತೆ ತಟ್ಟಿದೆ. ಅವಳು ಗಳವನ್ನು ನೋಡಿದಳು, ನನ್ನನ್ನು ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು. ಒಂದು ಕಾಲನ್ನು ನನ್ನ ಕಡೆ, ದಾರಿಯ ನಡುವಿಗೆ, ತಡವಿ ತಡವಿ ಇಟ್ಟಳು.

ಶ್ರೀವಿದ್ಯಾ ಅವಳ ಹಿಂದೆ ತಿರುಗಿದರು. ಅನಸೂಯಮ್ಮನೂ ತಿರುಗಿದರು. ಕೊನೆಯ ಮನುಷ್ಯ ಮಾತ್ರ ಕ್ಯಾಮೆರಾಕ್ಕೆ ನೀರು ಬೀಳದಂತೆ ಮುಖ ಮೇಲೆತ್ತಿದ್ದ. ಸಾಲು ಎಳೆದ ರಭಸಕ್ಕೆ ಆಯ ತಪ್ಪಿ, ತಾಯಿಯ ಕೈಯಲ್ಲಿದ್ದ ಕೈ ಬಿಡಿಸಿಕೊಂಡು ಗಳವನ್ನು ಹಿಡಿದ. ಗಳ ಅವನ ಭಾರಕ್ಕೆ ನಿಧಾನವಾಗಿ, ಬೆಣ್ಣೆಯಿಂದ ಹೊರಬರುವ ಹಾಗೆ, ಕಿತ್ತುಕೊಂಡು ಬಂತು. ಅವನ ಮುಖದಲ್ಲಿ ಭಯ ಇರಲಿಲ್ಲ, ಆಶ್ಚರ್ಯ ಇತ್ತು. ಆಮೇಲೆ ಮುಖವೇ ಇರಲಿಲ್ಲ. ಕ್ಯಾಮೆರಾ ಹಿಡಿದ ಕೈ ಒಂದು ಗಳಿಗೆ ನೀರಿನ ಮೇಲೆ ನಿಂತು, ಅದೂ ಹೋಯಿತು.

ಅನಸೂಯಮ್ಮ ಕೂಗಲಿಲ್ಲ. ಸೆರಗನ್ನು ಸರಕ್ಕನೆ ಎಳೆದು ಸೊಸೆಯ ಕೈಗೆ ಒಂದು ತುದಿ ತುರುಕಿ, ದಾರಿಯ ಮೇಲೆಯೇ ಬೋರಲು ಮಲಗಿ ಗುಂಡಿಯೊಳಕ್ಕೆ ತೋಳು ಇಳಿಬಿಟ್ಟರು. ತಲೆ ನೀರಿನೊಳಗೆ ಮುಳುಗಿತ್ತು, ಬಿಳಿ ತುರುಬು ಮಾತ್ರ ತೇಲುತ್ತಿತ್ತು. ನಾನೂ ಮುನೇಶನೂ ಅಲ್ಲಿಗೆ ಹೇಗೆ ಮುಟ್ಟಿದೆವೋ ತಿಳಿಯದು. ಮುನೇಶ ಹಗ್ಗದ ಒಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದು, ಇನ್ನೊಂದನ್ನು ತನ್ನ ಹೆಗಲಿಗೆ ಸುತ್ತಿ ಕಾಲು ಊರಿ ನಿಂತ. ನಾನು ಅನಸೂಯಮ್ಮನ ಪಕ್ಕದಲ್ಲಿ ಗುಂಡಿಗೆ ಇಳಿದೆ.

ಒಳಗೆ ಏನೂ ಇರಲಿಲ್ಲ. ಕಾಲಿಗೆ ನೆಲ ಇಲ್ಲ, ಕಣ್ಣಿಗೆ ಬೆಳಕಿಲ್ಲ. ಗೋಡು ತಣ್ಣಗೆ ಮೊಣಕಾಲು ತಬ್ಬಿಕೊಂಡಿತು, ಎಳೆದರೆ ಇನ್ನೂ ಬಿಗಿಯಾಯಿತು. ಕೈಗೆ ಮೊದಲು ಕ್ಯಾಮೆರಾದ ಪಟ್ಟಿ ಸಿಕ್ಕಿತು. ಎಳೆದೆ, ಅದು ಕಳಚಿಕೊಂಡು ಬಂತು, ಬಿಸಾಕಿದೆ. ಎದೆ ಒಡೆಯುವಂತಾದಾಗ ಕೂದಲು ಸಿಕ್ಕಿತು. ಹಿಡಿದೆ. ಹಗ್ಗ ಎಳೆಯಿತು.

ಮೇಲೆ ಬಂದಾಗ ಅವನು ಕೆಂಪು ನೀರು ಕಕ್ಕುತ್ತಿದ್ದ, ಅಂದರೆ ಬದುಕಿದ್ದ. ಅನಸೂಯಮ್ಮ ಅವನ ಕೆನ್ನೆಗೆ ಹೊಡೆದರು. ಇನ್ನೊಂದು ಹೊಡೆದರು. “ಕೈ ಬಿಡ್ತೀಯೇನೋ? ಅಮ್ಮನ ಕೈ ಬಿಡ್ತೀಯೇನೋ?” ಎನ್ನುತ್ತ ಅವನನ್ನು ಎದೆಗೆ ಒತ್ತಿಕೊಂಡರು.

ಮುನೇಶನ ಹಗ್ಗವನ್ನು ಎಲ್ಲರೂ ಹಿಡಿದೆವು. ನಾನು ಮುಂದೆ, ಬಿದಿರಿನಿಂದ ನೆಲ ಕುಟ್ಟಿಕೊಂಡು. ಟಕ್ ಅಂದರೆ ಹೆಜ್ಜೆ, ಇಲ್ಲದಿದ್ದರೆ ಇಲ್ಲ. ನೀರು ಏರುತ್ತಲೇ ಇತ್ತು. ಶಿರೀಷಾ ನನ್ನ ಹಿಂದೆಯೇ ಇದ್ದಳು, ಅವಳ ಹಲ್ಲು ಕಟಕಟಿಸುವುದು ನನ್ನ ಕಿವಿಗೆ ಕೇಳುತ್ತಿತ್ತು. ಪಾಪು ಮತ್ತೆ ಮತ್ತೆ ಕೇಳುತ್ತಿತ್ತು, “ಅಂಕಲ್ ಯಾಕೆ ನೀರಲ್ಲಿ ಕೂತಿದ್ರು?”

ದಡದಲ್ಲಿ ಅಣ್ಣ ಚನ್ನಕೇಶವ ಹಾರೆ ಹಿಡಿದು ನಿಂತಿದ್ದ. ಅಮ್ಮ ಹೇಳಿ ಕಳಿಸಿದ್ದಳು ಅಂತ ಕಾಣುತ್ತದೆ. ಹಾರೆ ತಂದಿದ್ದು ಸಹಾಯಕ್ಕೋ, ನಾನು ಮೇಲೆ ಬಿದ್ದರೆ ತಡೆಯುವುದಕ್ಕೋ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿರಲಿಲ್ಲವೇನೋ. ನಾನು ಅವನ ಪಕ್ಕದಿಂದಲೇ ಹಾದುಹೋದೆ.

ಮಳೆ ಇನ್ನೂ ಸುರಿಯುತ್ತಿರುವಾಗಲೇ ಮುನೇಶ ಆ ಮನುಷ್ಯನನ್ನು, ಅವನ ಮನೆಯವರನ್ನು ಜೀಪಿಗೆ ಹತ್ತಿಸಿಕೊಂಡು ಶಿಡ್ಲಘಟ್ಟದ ಆಸ್ಪತ್ರೆಗೆ ಹೊರಟ. ಹೊರಡುವಾಗ ಅನಸೂಯಮ್ಮ ಕಿಟಕಿಯಿಂದ ನನ್ನ ಕೈ ಹಿಡಿದು, “ನಿಮಗೆ ಪುಣ್ಯ ಬರಲಪ್ಪ, ನನ್ನ ಮಗನ್ನ ಉಳಿಸಿದ್ರಿ,” ಅಂದರು. ಗಳದ ವಿಷಯ ಅವರಿಗೆ ಗೊತ್ತಿಲ್ಲ. “ಆ ಗಳ ನೆಟ್ಟಿದ್ದೇ ತಪ್ಪಾಗಿತ್ತು, ತಪ್ಪು ನಮ್ಮನೇದೇ,” ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಮುನೇಶನಿಗೆ ಕೇಳಿಸಿತು. ಅವನು ಗೇರು ಹಾಕಿದ.

ಆಮೇಲೆ ಮನೆಯಲ್ಲಿ ಉಳಿದವರು ನಾವೇ. ಶಿರೀಷಾ ಕಂಬಳಿ ಹೊದ್ದು ಒಲೆಯ ಮುಂದೆ ಕುಳಿತಿದ್ದಳು. ಅಮ್ಮ ಗೋಡೆಗೆ ಒರಗಿದ್ದಳು. ಅಣ್ಣ ಒಳಗೆ ಬರದೆ ಹೊಸಿಲ ಹೊರಗೆ ಸೂರಿನ ನೀರು ಹೆಗಲ ಮೇಲೆ ಬೀಳುತ್ತಿದ್ದರೂ ನಿಂತೇ ಇದ್ದ. ಕವಿತ ಕಾಫಿ ಕೊಟ್ಟಳು. ಕೊಡುವಾಗ ಲೋಟವನ್ನು ನನ್ನ ಕೈಗೆ ಕೊಡದೆ, ಸ್ವಲ್ಪ ದೂರದಲ್ಲಿ ನೆಲದ ಮೇಲಿಟ್ಟು ಹಿಂದೆ ಸರಿದಳು. ಎಲ್ಲರೂ ಕಾಯುತ್ತಿದ್ದರು. ನಾನು ಈಗ ಕೂಗುತ್ತೇನೆ, ಏನಾದರೂ ಎಸೆಯುತ್ತೇನೆ, ಅಣ್ಣನ ಮೇಲೆ ಬೀಳುತ್ತೇನೆ ಎಂದು. ಅವರ ಕುತ್ತಿಗೆಗಳು ಒಳಕ್ಕೆ ಎಳೆದುಕೊಂಡಿದ್ದವು. ಮನೆಯವರು ನನ್ನ ಮುಂದೆ ಹೀಗೆ ಕೂರುತ್ತಾರೆ ಎಂಬುದನ್ನು ಅವತ್ತು ನೋಡಿದೆ.

“ಬೈತಿದೀಯ ಅಂದ್ಕೊಂಡೆ ಅಪ್ಪ,” ಅಂದಳು ಶಿರೀಷಾ, ಬೆಂಕಿ ನೋಡುತ್ತ. “ಕೋಲು ಬೀಸ್ತಿದ್ಯಲ್ಲ. ಬೇಗ ಬಂದ್ರೆ ಸರಿಹೋಗುತ್ತೆ ಅಂತ.”

ನಾನು ಮೆಲ್ಲಗೆ ಕೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು.

“ನನಗೆ ಹೇಳದೆ ಇಟ್ಟಿರೋದು ಇನ್ನೇನಾದ್ರೂ ಇದೆಯಾ?”

“ಇಲ್ಲ” ಅಂತ ಯಾರೂ ಅನ್ನಲಿಲ್ಲ.

ಅಮ್ಮ ಕವಿತಳ ಮುಖ ನೋಡಿದಳು. ಕವಿತ ಹೊಸಿಲ ಆಚೆ ನಿಂತಿದ್ದ ಅಣ್ಣನನ್ನು ನೋಡಿದಳು. ಶಿರೀಷಾ ಕಂಬಳಿಯನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡು ತಲೆ ಬಗ್ಗಿಸಿದಳು. ಮನೆಯ ಹಿಂದೆ ಕೆರೆಯಲ್ಲಿ, ಕಿತ್ತುಬಂದ ಗಳ ಅಲೆಗೆ ಸಿಕ್ಕಿ ದಡದ ಕಲ್ಲಿಗೆ ಬಡಿಯುತ್ತಿತ್ತು, ನಿಂತು, ಮತ್ತೆ ಬಡಿಯುತ್ತಿತ್ತು. ನಾನು ಲೋಟಕ್ಕೆ ಕೈ ಚಾಚದೆ ಕುಳಿತೇ ಇದ್ದೆ.